ಅನಿಲ ಕುಡಿಯುವ ಲೋಹ

ಲಂಡನ್ನಿನ ಟಂಕಸಾಲೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1866ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದ. ಬೆಳ್ಳಿಯಂತೆ ಹೊಳೆಯುವ ಪೆಲೇಡಿಯಂ ಲೋಹ ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರಿಕೊಳ್ಳುತ್ತಿತ್ತು. ಕಾಯಿಸಿದರೆ ಮರಳಿ ಬಿಡುತ್ತಿತ್ತು. ಸ್ಪಂಜು ನೀರು ಹೀರುವುದು ಸರಿ, ಗಟ್ಟಿ ಲೋಹ ಅನಿಲ ಕುಡಿಯುವುದೆಂದರೆ? ಜಲಜನಕವೂ ಆವಿರೂಪದ ಲೋಹವೇ ಇರಬೇಕೆಂದು ಊಹಿಸಿದ ಗ್ರಹಾಂ ಅದಕ್ಕೆ ‘ಹೈಡ್ರೋಜೀನಿಯಂ’ ಎಂಬ ಹೆಸರನ್ನೂ ಇಟ್ಟ. ಊಹೆ ಬಿದ್ದುಹೋಯಿತು, ಪ್ರಯೋಗ ಉಳಿಯಿತು.

ಆ ಪ್ರಯೋಗಕ್ಕೆ ಇಂದು ಮಹತ್ವ ಬಂದಿರುವುದು ಇಂಧನದ ಚಿಂತೆಯಿಂದ. ತೂಕಕ್ಕೆ ತೂಕ ಹೋಲಿಸಿದರೆ ಜಲಜನಕದಲ್ಲಿ ಪೆಟ್ರೋಲಿನ ಸುಮಾರು ಮೂರು ಪಟ್ಟು ಶಕ್ತಿಯಿದೆ. ಆದರೆ ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋ ಜಲಜನಕಕ್ಕೆ 11,000 ಲೀಟರಿಗೂ ಹೆಚ್ಚು ಜಾಗ ಬೇಕು. ದ್ರವವಾಗಿಸಲು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕು. ಜಲಜನಕದ ಕಾರುಗಳ ತೊಟ್ಟಿಯಲ್ಲಿ ವಾಯುಮಂಡಲದ ಸುಮಾರು 700 ಪಟ್ಟು ಒತ್ತಡವಿರುತ್ತದೆ. ಲೋಹದಲ್ಲೇ ಅಡಗಿಸಿಟ್ಟರೆ ಈ ಕಷ್ಟಗಳಿಲ್ಲ.

ಪೆಲೇಡಿಯಂ ಬಲು ದುಬಾರಿ. 1960ರ ದಶಕದ ಕೊನೆಯಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಲ್ಯಾಂಥನಂ–ನಿಕಲ್ ಮಿಶ್ರಲೋಹದ ಗುಣ ಬೆಳಕಿಗೆ ಬಂತು. ಕೋಣೆಯ ಉಷ್ಣತೆಯಲ್ಲೇ ಅದು ಜಲಜನಕವನ್ನು ಹೀರಿ, ಬಿಡಬಲ್ಲದು. ಆದರೆ ಹಿಡಿಯುವುದು ತೂಕದ ಶೇ. 1.5ಕ್ಕಿಂತಲೂ ಕಡಿಮೆ. ಅಗ್ಗದ, ಹಗುರವಾದ ಮೆಗ್ನೀಷಿಯಂ ಶೇ. 7.6ರಷ್ಟು ಹಿಡಿಯುತ್ತದೆ, ಆದರೆ ಹಿಡಿದದ್ದನ್ನು ಬಿಡಲು ಸುಮಾರು 300 ಡಿಗ್ರಿ ಶಾಖ ಕೇಳುತ್ತದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ!

ಲೋಹವನ್ನು ಅತಿ ಸಣ್ಣ ಕಣಗಳಾಗಿಸಿದರೆ ಜಲಜನಕ ಬೇಗ ಒಳಹೋಗಿ ಬೇಗ ಹೊರಬರುತ್ತದೆ. ಆದರೆ ಕಾಯಿಸಿ ತಣಿಸಿದಂತೆಲ್ಲ ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ. ಇಲ್ಲಿ ನೆರವಿಗೆ ಬಂದದ್ದು ಇದ್ದಿಲಿನ ಜಾತಿಯ ರಂಧ್ರಮಯ ಇಂಗಾಲ. ತೆಂಗಿನ ಚಿಪ್ಪಿನಿಂದಲೂ ತಯಾರಾಗುವ ಇಂಥ ಇಂಗಾಲದ ಒಂದೇ ಗ್ರಾಮಿನ ಒಳಮೈ 1,000 ಚದರ ಮೀಟರನ್ನೂ ಮೀರಬಲ್ಲದು. 2007ರಲ್ಲಿ ಹಾಲೆಂಡಿನ ಯುಟ್ರೆಕ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕರಗಿದ ಮೆಗ್ನೀಷಿಯಂ ಅನ್ನು ಇಂಗಾಲದ ರಂಧ್ರಗಳೊಳಗೆ ಇಳಿಸಿ, ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳನ್ನು ಪಡೆದರು. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲೇ ನ್ಯಾನೋಮೀಟರ್. ಪ್ರತ್ಯೇಕ ಗೂಡುಗಳಲ್ಲಿ ಕುಳಿತ ಕಣಗಳು ಸುಲಭವಾಗಿ ಗಂಟುಕಟ್ಟಲಾರವು.

ಇದಕ್ಕೂ ಬೆಲೆ ತೆರಬೇಕು. ಗೂಡಿನ ತೂಕವೂ ಲೆಕ್ಕಕ್ಕೆ ಸೇರುವುದರಿಂದ ಒಟ್ಟು ತೂಕದಲ್ಲಿ ಜಲಜನಕದ ಪಾಲು ಇಳಿಯುತ್ತದೆ. ಗ್ರಹಾಂ ಕಂಡದ್ದು ಲೋಹಕ್ಕೆ ಹಿಡಿಯಲು ಬರುತ್ತದೆ ಎಂಬುದನ್ನು. ಹೆಚ್ಚು ಹಿಡಿದು, ಕೇಳಿದಾಗ ಸುಲಭವಾಗಿ ಬಿಡುವುದನ್ನು ಅದಕ್ಕೆ ಕಲಿಸುವ ಕೆಲಸ ಒಂದೂವರೆ ಶತಮಾನ ಕಳೆದರೂ ಮುಗಿದಿಲ್ಲ.