ಅರಿಷಿಣದ ಕೊಂಬು

ಖಾನಾಪುರದಲ್ಲಿ ನಮ್ಮ ಅಜ್ಜನದು ಕಿರಾಣಿ ಅಂಗಡಿ. ಉದ್ರಿ ವಸೂಲಾಗಲಿಲ್ಲ, ಸಾಲ ಬೆಳೆಯಿತು. ‘ದಿವಾಳಿ ತೆಗೆದವನ ಮೊಮ್ಮಗಳು’ ಎಂಬ ಮಾತು ಕೇಳುತ್ತಲೇ ನಾನು ಶಾಲೆಗೆ ಹೋದವಳು.

ಇತಿಹಾಸ ಕಲಿಸುವ ಶಿಕ್ಷಕಿಯಾದ ಮೇಲೆ ಆ ಕಾಯಿದೆಯನ್ನು ಹುಡುಕಿ ಓದಿದೆ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿ ಶಹರಕ್ಕೆ 1909ರ ಕಾಯಿದೆ. ನಮ್ಮಂಥ ಜಿಲ್ಲೆಗಳಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆ. 500 ರೂಪಾಯಿ ಸಾಲ ತೀರಿಸಲಾಗದವನು ತಾನೇ ಜಿಲ್ಲಾ ಕೋರ್ಟಿಗೆ ಅರ್ಜಿ ಕೊಡಬಹುದಿತ್ತು. ಅಜ್ಜ ಬೆಳಗಾವಿಗೆ ಹೋಗಿ ಅದನ್ನೇ ಮಾಡಿದ್ದ. ಕೋರ್ಟು ನೇಮಿಸಿದ ರಿಸೀವರ್ ಆಸ್ತಿ ಮಾರಿ, ಸಾಲ ಕೊಟ್ಟವರಿಗೆ ಪ್ರಮಾಣದಂತೆ ಹಂಚಬೇಕು. ಆಸ್ತಿ ಮುಚ್ಚಿಟ್ಟವನಿಗೆ ಶಿಕ್ಷೆ. ಪ್ರಾಮಾಣಿಕನಿಗೆ ಉಳಿದ ಸಾಲದಿಂದ ಬಿಡುಗಡೆ. ಅಂದರೆ ದಿವಾಳಿ ಎಂಬುದು ಬೈಗುಳವಲ್ಲ, ಬಾಗಿಲು.

ಓದುತ್ತ ಒಂದು ಕಡೆ ಕಣ್ಣು ನಿಂತಿತು. ಉಡುವ ಬಟ್ಟೆ, ಹಾಸಿಗೆ, ಅಡಿಗೆಯ ಪಾತ್ರೆ, ಧರ್ಮದ ರೂಢಿಯಂತೆ ಹೆಂಗಸು ತೆಗೆಯಬಾರದ ಆಭರಣ—ಇವನ್ನು ಜಪ್ತಿ ಮಾಡುವಂತಿಲ್ಲವೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ದಿವಾಳಿಯಲ್ಲೂ ಅದೇ ರಕ್ಷಣೆ. ಆದರೆ ನಮ್ಮ ಅಜ್ಜಿ ಜಪ್ತಿಯವರು ಬರುವ ಮೊದಲೇ ತಾಳಿಯ ಬಂಗಾರ ಮಾರಿ ದುಡ್ಡು ಕೊಟ್ಟು, ಅರಿಷಿಣದ ಕೊಂಬು ಕಟ್ಟಿಕೊಂಡಿದ್ದಳಂತೆ. ಕಾಯಿದೆ ಬಿಟ್ಟುಕೊಟ್ಟದ್ದನ್ನು ಅವಳು ತಾನಾಗಿ ಕಳೆದುಕೊಂಡಳು. ಅವಳಿಗೆ ಯಾರೂ ಹೇಳಲಿಲ್ಲ.

ಇಂದು ಕಂಪನಿಗಳಿಗೆ 2016ರ ಹೊಸ ಸಂಹಿತೆ ಇದೆ. ಕಂಪನಿಯ ಸಾಲಕ್ಕೆ ಜಾಮೀನು ನಿಂತವರೂ 2019ರ ಡಿಸೆಂಬರಿನಿಂದ ಅದರೊಳಗೆ ಬಂದಿದ್ದಾರೆ. ಉಳಿದ ನಮ್ಮಂಥವರಿಗೆ ಇನ್ನೂ ಅಜ್ಜನ ಕಾಲದ ಕಾಯಿದೆಯೇ. ಆದ್ದರಿಂದ ಅಕ್ಕತಂಗಿಯರೆ, ಮನೆಯವರು ‘ಇಲ್ಲೊಂದು ಸಹಿ ಹಾಕು’ ಎಂದಾಗ ಕಾಗದ ಓದಿ. ಕೊರಳಿಗೆ ಕೈ ಹಾಕುವ ಮುನ್ನ ವಕೀಲರನ್ನು ಕೇಳಿ.