ಒಂದು ಹೆಸರು, ಹಲವು ಜನ: ಅಮೆರಿಕದ ಲ್ಯಾಟಿನೋಗಳ ಒಗ್ಗಟ್ಟಿನ ಚರಿತ್ರೆ

ಸಮುದಾಯವೊಂದು ಮೊದಲೇ ಇದ್ದು, ಆಮೇಲೆ ಅದಕ್ಕೊಂದು ಹೆಸರು ಬರುತ್ತದೆಯೇ? ಅಥವಾ ಹೆಸರು ಬಂದ ಮೇಲೆ ಸಮುದಾಯ ರೂಪುಗೊಳ್ಳುತ್ತದೆಯೇ? ಮೇಲ್ನೋಟಕ್ಕೆ ಇದು ತರ್ಕದ ಪ್ರಶ್ನೆ ಎನಿಸಬಹುದು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಲ್ಯಾಟಿನೋ ಜನರ ಚರಿತ್ರೆಯನ್ನು ಓದಿದರೆ ಶಾಲೆ, ಕೂಲಿ, ಮತ, ಪೌರತ್ವ ಎಲ್ಲವೂ ಈ ಪ್ರಶ್ನೆಯೊಂದಿಗೆ ಹೆಣೆದುಕೊಂಡಿರುವುದು ನಿಮಗೆ ಮನದಟ್ಟಾಗುತ್ತದೆ.

2020ರ ಜನಗಣತಿಯಂತೆ ಆ ದೇಶದಲ್ಲಿ ಲ್ಯಾಟಿನೋ ಅಥವಾ ಹಿಸ್ಪಾನಿಕ್ ಮೂಲದವರು 6.21 ಕೋಟಿ, ಅಂದರೆ ಜನಸಂಖ್ಯೆಯ ಶೇ. 18.7. ಇವರಲ್ಲಿ ಬಿಳಿಯರಿದ್ದಾರೆ, ಕರಿಯರಿದ್ದಾರೆ, ಮೂಲನಿವಾಸಿಗಳಿದ್ದಾರೆ, ಮಿಶ್ರ ಮೂಲದವರಿದ್ದಾರೆ. ಸ್ಪ್ಯಾನಿಷ್ ಬಾರದ ಯುವಕರೂ ಬಹಳ. ಹಾಗಾದರೆ ಇವರನ್ನು ಒಂದುಗೂಡಿಸಿದ್ದು ಯಾವುದು?

ಮೂರು ದಾರಿಗಳು

ಇವರು ಅಮೆರಿಕದ ಪ್ರಜೆಗಳಾದ ದಾರಿಯೇ ಬೇರೆ ಬೇರೆ. 1848ರ ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದದಲ್ಲಿ ಯುದ್ಧದಲ್ಲಿ ಸೋತ ಮೆಕ್ಸಿಕೋ ತನ್ನ ಅಪಾರ ಭೂಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಮೆಕ್ಸಿಕನ್ನರು ಗಡಿ ದಾಟಿ ಬಂದವರಲ್ಲ. ಗಡಿಯೇ ಅವರನ್ನು ದಾಟಿ ಹೋಯಿತು. ಪೋರ್ಟೊ ರಿಕೋ ದ್ವೀಪವು 1898ರ ಯುದ್ಧದಲ್ಲಿ ಅಮೆರಿಕದ ಕೈಸೇರಿತು. 1917ರಲ್ಲಿ ಅಲ್ಲಿನವರಿಗೆ ಪೌರತ್ವ ಸಿಕ್ಕಿತಾದರೂ ದ್ವೀಪದಲ್ಲಿ ವಾಸಿಸುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತದಾನದ ಹಕ್ಕು ಇಂದಿಗೂ ಇಲ್ಲ. ಕ್ಯೂಬಾದವರಲ್ಲಿ ಬಹುಪಾಲು ಜನ 1959ರ ಕ್ರಾಂತಿಯ ನಂತರ ಆಶ್ರಯ ಕೋರಿ ಬಂದರು. 1966ರ ಕಾನೂನು ಅವರಿಗೆ ಶಾಶ್ವತ ವಾಸದ ಹಕ್ಕನ್ನು ಸುಲಭಗೊಳಿಸಿತು. ಒಬ್ಬರು ನೆಲ ಕಳೆದುಕೊಂಡವರು, ಇನ್ನೊಬ್ಬರು ವಸಾಹತಿನವರು, ಮತ್ತೊಬ್ಬರು ಕಮ್ಯೂನಿಸಂನಿಂದ ಓಡಿ ಬಂದವರು. ಇವರ ರಾಜಕೀಯ ಒಂದೇ ಆಗಿರಬೇಕೆಂದು ನಿರೀಕ್ಷಿಸುವುದು ಸರಿಯೇ?

ಶಾಲೆಯ ಬಾಗಿಲಲ್ಲಿ

ಆದರೂ ಅವರು ಒಂದಾದ ಸಂದರ್ಭಗಳುಂಟು. ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪ್ರತ್ಯೇಕ ಶಾಲೆಯಿತ್ತು. ಮೆಕ್ಸಿಕೋದಲ್ಲಿ ಹುಟ್ಟಿದ ಗೊನ್ಸಾಲೊ ಮೆಂಡೆಸ್ ಮತ್ತು ಪೋರ್ಟೊ ರಿಕೋದಲ್ಲಿ ಹುಟ್ಟಿದ ಅವರ ಪತ್ನಿ ಫೆಲಿಸಿಟಾಸ್ ಇತರ ಕುಟುಂಬಗಳೊಂದಿಗೆ ನ್ಯಾಯಾಲಯದ ಮೆಟ್ಟಿಲೇರಿದರು. 1946ರಲ್ಲಿ ಗೆದ್ದರು, 1947ರಲ್ಲಿ ಮೇಲ್ಮನವಿಯಲ್ಲೂ ತೀರ್ಪು ಉಳಿಯಿತು. ಕರಿಯರ, ಜಪಾನಿ ಮೂಲದವರ ಮತ್ತು ಯಹೂದಿಗಳ ಸಂಘಟನೆಗಳೂ ಅವರ ಪರವಾಗಿ ನಿಂತವೆಂಬುದು ಗಮನಾರ್ಹ. ಅದೇ ವರ್ಷ ರಾಜ್ಯದ ಪ್ರತ್ಯೇಕ ಶಾಲೆಗಳ ಕಾನೂನನ್ನು ರದ್ದುಪಡಿಸುವ ಮಸೂದೆಗೆ ಸಹಿ ಹಾಕಿದ ಗವರ್ನರ್ ಅರ್ಲ್ ವಾರನ್, 1954ರಲ್ಲಿ ಮುಖ್ಯ ನ್ಯಾಯಾಧೀಶರಾಗಿ ಇಡೀ ದೇಶದ ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ ತೀರ್ಪು ಬರೆದರು.

1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಸಾವಿರಾರು ವಿದ್ಯಾರ್ಥಿಗಳು ಉತ್ತಮ ಶಿಕ್ಷಣಕ್ಕಾಗಿ ತರಗತಿಗಳಿಂದ ಹೊರನಡೆದರು. 1982ರಲ್ಲಿ ಸುಪ್ರೀಂ ಕೋರ್ಟ್, ದಾಖಲೆಪತ್ರಗಳಿಲ್ಲದ ವಲಸಿಗರ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಟೆಕ್ಸಾಸ್ ರಾಜ್ಯಕ್ಕೆ ಹೇಳಿತು.

ಒಗ್ಗಟ್ಟಿನ ಹೊರಗೆ ಉಳಿದವರು

ವಿದ್ಯಾರ್ಥಿ ಮಿತ್ರರೇ, ಇಲ್ಲಿಗೇ ನಿಲ್ಲಿಸಿದರೆ ಇದು ಬರೀ ಹೊಗಳಿಕೆಯ ಚರಿತ್ರೆಯಾದೀತು. ಪ್ರತಿಯೊಂದು ಒಗ್ಗಟ್ಟಿಗೂ ಒಂದು ಹೊಸ್ತಿಲು ಇರುತ್ತದೆ. ಅದರ ಆಚೆ ಯಾರೋ ನಿಂತಿರುತ್ತಾರೆ. 1929ರಲ್ಲಿ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಹುಟ್ಟಿದ 'ಲುಲಾಕ್' ಸಂಸ್ಥೆ ಪ್ರತ್ಯೇಕ ಶಾಲೆಗಳ ವಿರುದ್ಧ ದುಡಿಯಿತು. ಆದರೆ ಆರಂಭದಲ್ಲಿ ಅದರ ಸದಸ್ಯತ್ವ ಅಮೆರಿಕದ ಪೌರರಿಗೆ ಮಾತ್ರ. ಮೊನ್ನೆ ಮೊನ್ನೆ ಗಡಿ ದಾಟಿ ಬಂದ ಬಡ ಕೂಲಿಕಾರನಿಗೆ ಅಲ್ಲಿ ಜಾಗವಿರಲಿಲ್ಲ.

1965ರಲ್ಲಿ ಡೆಲಾನೋದ ದ್ರಾಕ್ಷಿ ತೋಟಗಳಲ್ಲಿ ಮೊದಲು ಮುಷ್ಕರ ಹೂಡಿದವರು ಲ್ಯಾರಿ ಇಟ್ಲಿಯಾಂಗ್ ನಾಯಕತ್ವದ ಫಿಲಿಪಿನೋ ಕಾರ್ಮಿಕರು. ಸೀಸರ್ ಚಾವೆಸ್ ಮತ್ತು ಡೊಲೊರೆಸ್ ಹುಯೆರ್ತಾ ಅವರ ಸಂಘ ಕೆಲವೇ ದಿನಗಳಲ್ಲಿ ಅವರನ್ನು ಕೂಡಿಕೊಂಡಿತು. ದ್ರಾಕ್ಷಿ ಬಹಿಷ್ಕಾರದ ಫಲವಾಗಿ 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು. ಬೇರೆ ಭಾಷೆಯ ಫಿಲಿಪಿನೋ ಇಲ್ಲಿ ಜೊತೆಗಾರನಾದ. ಆದರೆ ಮುಷ್ಕರ ಮುರಿಯಲು ಬಳಸಲಾಗುತ್ತಿದ್ದ, ದಾಖಲೆಪತ್ರಗಳಿಲ್ಲದ ಮೆಕ್ಸಿಕನ್ ಕೂಲಿಕಾರರನ್ನು ಅದೇ ಸಂಘ 1970ರ ದಶಕದಲ್ಲಿ ವಿರೋಧಿಸಿತು. ರಕ್ತಸಂಬಂಧಕ್ಕಿಂತ ಹೊಟ್ಟೆಪಾಡಿನ ಸಂಬಂಧ ಇಲ್ಲಿ ಬಲವಾಗಿತ್ತು.

ಮಹಿಳೆಯರ ಕಥೆಯೂ ಇದೇ. ಒಗ್ಗಟ್ಟು ಒಡೆಯುತ್ತದೆ, ನಿಮ್ಮ ಪ್ರಶ್ನೆಗಳು ಆಮೇಲೆ ಎಂದು ಚಳವಳಿಯೊಳಗೇ ಅವರ ಬಾಯಿ ಮುಚ್ಚಿಸುವವರಿದ್ದರು. 1971ರಲ್ಲಿ ಹ್ಯೂಸ್ಟನ್‌ನಲ್ಲಿ ಸುಮಾರು 600 ಮಹಿಳೆಯರು ತಮ್ಮದೇ ಸಮಾವೇಶ ನಡೆಸಿ ಶಿಕ್ಷಣ, ದುಡಿಮೆ, ಶಿಶುಪಾಲನೆಯ ವಿಷಯ ಎತ್ತಿದರು.

ಹೆಸರು ಮತ್ತು ಮತ

ಇವರೆಲ್ಲರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ್ದರಲ್ಲಿ ಸರ್ಕಾರದ ಪಾತ್ರವೂ ದೊಡ್ಡದು. ಸ್ಪ್ಯಾನಿಷ್ ಮೂಲದವರ ಅಂಕಿಅಂಶ ಸಂಗ್ರಹಿಸಬೇಕೆಂದು 1976ರಲ್ಲಿ ಸಂಸತ್ತು ಕಾನೂನು ಮಾಡಿತು. 1980ರ ಜನಗಣತಿಯಲ್ಲಿ ಆ ಪ್ರಶ್ನೆ ಪ್ರತಿ ಮನೆಗೂ ತಲುಪಿತು. ಲೆಕ್ಕ ಸಿಕ್ಕದೆ ಅನುದಾನವಿಲ್ಲ, ಪ್ರಾತಿನಿಧ್ಯವಿಲ್ಲ ಎಂದು ಹೋರಾಟಗಾರರೂ ಇದನ್ನು ಬಯಸಿದ್ದರು. ಸ್ಪ್ಯಾನಿಷ್ ಟಿ.ವಿ. ವಾಹಿನಿಗಳಿಗೂ ದೇಶವ್ಯಾಪಿ ಪ್ರೇಕ್ಷಕವರ್ಗ ಬೇಕಿತ್ತು.

ಪಟ್ಟಿ ಒಂದಾದ ಮಾತ್ರಕ್ಕೆ ಮನಸ್ಸು ಒಂದಾಗಲಿಲ್ಲ. 1976ರಲ್ಲಿ ಸ್ಥಾಪನೆಯಾದ ಹಿಸ್ಪಾನಿಕ್ ಸಂಸದರ ಕೂಟದಿಂದ 1997ರಲ್ಲಿ ಕ್ಯೂಬಾ ವಿಷಯದಲ್ಲಿ ಮುನಿಸಿಕೊಂಡು ರಿಪಬ್ಲಿಕನ್ ಸದಸ್ಯರು ಹೊರಬಂದರು. ಆದರೆ ಹೊರಗಿನ ಏಟು ಬಿದ್ದಾಗ ಒಂದಾದದ್ದೂ ನಿಜ. 1994ರಲ್ಲಿ ದಾಖಲೆಪತ್ರಗಳಿಲ್ಲದವರಿಗೆ ಶಾಲೆ, ಚಿಕಿತ್ಸೆ ನಿರಾಕರಿಸುವ '187ನೇ ಪ್ರಸ್ತಾಪ'ಕ್ಕೆ ಕ್ಯಾಲಿಫೋರ್ನಿಯಾ ಮತ ನೀಡಿತು. ನ್ಯಾಯಾಲಯ ಅದನ್ನು ತಡೆಯಿತು. ಬೆದರಿದ ಸಾವಿರಾರು ವಲಸಿಗರು ಪೌರತ್ವ ಪಡೆದು ಮತದಾರರಾದರು. ಆ ರಾಜ್ಯದ ರಾಜಕೀಯವೇ ಬದಲಾಯಿತು. 2006ರಲ್ಲಿ ಕಠಿಣ ವಲಸೆ ಮಸೂದೆಯ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದರು.

ಇಷ್ಟಾದರೂ ಲ್ಯಾಟಿನೋ ಮತ ಯಾರ ಜೇಬಿನಲ್ಲೂ ಇಲ್ಲ. ಬಹುತೇಕ ಮೆಕ್ಸಿಕನ್ ಮೂಲದವರೇ ಇರುವ ಟೆಕ್ಸಾಸ್‌ನ ಸ್ಟಾರ್ ಕೌಂಟಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಡೆಮಾಕ್ರಟರನ್ನು ಬಿಟ್ಟುಕೊಟ್ಟಿರಲಿಲ್ಲ. 2024ರಲ್ಲಿ ಅದು ರಿಪಬ್ಲಿಕನ್ ಡೊನಾಲ್ಡ್ ಟ್ರಂಪ್ ಕಡೆ ವಾಲಿತು. ಇದನ್ನು ದ್ರೋಹವೆಂದು ಕರೆದವರು, ಆ ಜನರಿಗೆ ಬೆಲೆಯೇರಿಕೆ, ಉದ್ಯೋಗ, ಗಡಿಯ ಬಗ್ಗೆ ಸ್ವಂತ ಅಭಿಪ್ರಾಯವಿರಬಹುದು ಎಂಬುದನ್ನು ಮರೆತರು.

ನಾವು ಅರಿಯಬೇಕಾದ್ದು

ಒಗ್ಗಟ್ಟು ಬೇಕೆಂಬ ಭಾಷಣವನ್ನು ನೀವೂ ಸಭೆಗಳಲ್ಲಿ ಕೇಳಿದ್ದೀರಿ. ಇನ್ನು ಮುಂದೆ ಕೇಳಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಿ: ಯಾವ ಕೆಲಸಕ್ಕಾಗಿ ಈ ಒಗ್ಗಟ್ಟು? ಇದರಲ್ಲಿ ಯಾರ ಮಾತು ಕೇಳಿಸುತ್ತಿಲ್ಲ? ಮೆಂಡೆಸ್ ದಂಪತಿಗೆ ಒಗ್ಗಟ್ಟು ಗುರಿಯಾಗಿರಲಿಲ್ಲ. ಮಕ್ಕಳ ಶಾಲೆ ಗುರಿಯಾಗಿತ್ತು. ಆ ಕೆಲಸಕ್ಕೆ ಕೈಹಾಕಿದಾಗ ತಮ್ಮವರೂ ಬಂದರು, ಪರರೂ ಬಂದರು. ಭಿನ್ನಾಭಿಪ್ರಾಯವನ್ನು ಅದುಮಿ ಕಟ್ಟಿದ ಒಗ್ಗಟ್ಟು ಮೊದಲ ಗಾಳಿಗೇ ಬೀಳುತ್ತದೆ. ಭಿನ್ನಾಭಿಪ್ರಾಯ ಇಟ್ಟುಕೊಂಡೇ ಒಂದು ನ್ಯಾಯವಾದ ಕೆಲಸಕ್ಕೆ ಕೈಜೋಡಿಸಿದವರ ಒಗ್ಗಟ್ಟು ಕೆಲಸ ಮುಗಿದ ಮೇಲೂ ಫಲ ಕೊಡುತ್ತಲೇ ಇರುತ್ತದೆ.