ಬೆಳೆಯುವ ಮಕ್ಕಳಲ್ಲಿ ಹಿಂದೆ ಸರಿದ ಕೆಳದವಡೆ: ಸರಿಪಡಿಸುವ ದಂತ ಸಾಧನಗಳ ಕುರಿತು ಪೋಷಕರಿಗೆ ಮಾಹಿತಿ

1. ಸಮಸ್ಯೆಯ ಸ್ವರೂಪ

ಕೆಳದವಡೆಯು ಮೇಲ್ದವಡೆಗಿಂತ ಹಿಂದೆ ಉಳಿದು, ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿಕೊಂಡಂತೆ ಕಾಣುವ ಸ್ಥಿತಿಯು ಶಾಲಾ ವಯಸ್ಸಿನ ಮಕ್ಕಳಲ್ಲಿ ಕಂಡುಬರುತ್ತದೆ. ಆಡುಮಾತಿನಲ್ಲಿ ಇದನ್ನು ಉಬ್ಬುಹಲ್ಲು ಎನ್ನಲಾಗುತ್ತದೆ. ಆದರೆ ಅನೇಕ ಮಕ್ಕಳಲ್ಲಿ ಮೂಲ ದೋಷವಿರುವುದು ಮೇಲಿನ ಹಲ್ಲುಗಳಲ್ಲಲ್ಲ, ಕೆಳದವಡೆಯ ಬೆಳವಣಿಗೆಯಲ್ಲಿ. ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಮುಂದು-ಹಿಂದಿನ ಅಂತರವು ಸಾಮಾನ್ಯವಾಗಿ 2 ರಿಂದ 3 ಮಿಲಿಮೀಟರ್ ಇರುತ್ತದೆ. ಈ ಅಂತರವು 6 ಮಿಲಿಮೀಟರ್‌ಗಿಂತ ಹೆಚ್ಚಾಗಿದ್ದಲ್ಲಿ ತಜ್ಞರ ಪರೀಕ್ಷೆ ಅವಶ್ಯಕ.

ಪೋಷಕರು ಈ ಕೆಳಕಂಡ ಲಕ್ಷಣಗಳನ್ನು ಗಮನಿಸತಕ್ಕದ್ದು:
(ಅ) ಪಕ್ಕದಿಂದ ನೋಡಿದಾಗ ಗದ್ದವು ಒಳಸರಿದಂತೆ ಕಾಣುವುದು.
(ಆ) ತುಟಿಗಳು ಸಹಜವಾಗಿ ಮುಚ್ಚಿಕೊಳ್ಳದಿರುವುದು.
(ಇ) ಕೆಳತುಟಿಯು ಮೇಲಿನ ಬಾಚಿಹಲ್ಲುಗಳ ಹಿಂದೆ ಸಿಲುಕಿಕೊಳ್ಳುವುದು.
(ಈ) ಕೆಳಗಿನ ಬಾಚಿಹಲ್ಲುಗಳು ಅಂಗುಳಕ್ಕೆ ತಾಗುವುದು.

2. ಚಿಕಿತ್ಸೆಯ ಅವಶ್ಯಕತೆ

ಇದನ್ನು ಕೇವಲ ಅಂದದ ವಿಷಯವೆಂದು ಪರಿಗಣಿಸಬಾರದು. ಮುಂದೆ ಚಾಚಿದ ಹಲ್ಲುಗಳಿಗೆ ತುಟಿಯ ರಕ್ಷಣೆ ಇರುವುದಿಲ್ಲವಾದ್ದರಿಂದ, ಆಟದ ವೇಳೆ ಅಥವಾ ಸೈಕಲ್‌ನಿಂದ ಬಿದ್ದಾಗ ಅವು ಮೊದಲು ಪೆಟ್ಟು ತಿನ್ನುತ್ತವೆ. ಒಮ್ಮೆ ಮುರಿದ ಶಾಶ್ವತ ಹಲ್ಲಿಗೆ ಜೀವನಪರ್ಯಂತ ಆರೈಕೆ ಬೇಕಾಗಬಹುದು. ಇದಲ್ಲದೆ, ಸಹಪಾಠಿಗಳ ಅಪಹಾಸ್ಯದಿಂದ ಕೆಲವು ಮಕ್ಕಳು ನಗಲು, ತರಗತಿಯಲ್ಲಿ ಎದ್ದು ಮಾತನಾಡಲು ಹಿಂಜರಿಯುವುದುಂಟು.

3. ಚಿಕಿತ್ಸೆಗೆ ಸೂಕ್ತ ಕಾಲ

ಈ ಸಾಧನಗಳು ಮಗುವಿನ ಬೆಳವಣಿಗೆಯನ್ನು ಬಳಸಿಕೊಂಡು ಕೆಲಸ ಮಾಡುತ್ತವೆ. ಬೆಳವಣಿಗೆ ನಿಂತ ನಂತರ ಇವುಗಳಿಂದ ಅದೇ ಪ್ರಯೋಜನ ದೊರೆಯುವುದಿಲ್ಲ. ಶೀಘ್ರ ಬೆಳವಣಿಗೆಯ ಅವಧಿಯು ಹೆಣ್ಣುಮಕ್ಕಳಲ್ಲಿ ಸುಮಾರು 10 ರಿಂದ 12 ವರ್ಷ ಹಾಗೂ ಗಂಡುಮಕ್ಕಳಲ್ಲಿ ಸುಮಾರು 12 ರಿಂದ 14 ವರ್ಷದ ನಡುವೆ ಇರುತ್ತದೆ. ಒಂದೇ ವರ್ಷದಲ್ಲಿ ಶಾಲೆಯ ಸಮವಸ್ತ್ರ ಗಿಡ್ಡವಾಗುವಷ್ಟು ಮಗು ಎತ್ತರವಾಗುತ್ತಿದ್ದರೆ ಅದೇ ಈ ಅವಧಿಯ ಸೂಚನೆ. ಹೆಣ್ಣುಮಕ್ಕಳು ಋತುಮತಿಯಾದ ನಂತರ ಬೆಳವಣಿಗೆಯ ವೇಗವು ಕ್ರಮೇಣ ಕಡಿಮೆಯಾಗುವುದರಿಂದ ಅದಕ್ಕೂ ಮೊದಲೇ ತೋರಿಸುವುದು ಒಳಿತು. ಅಗತ್ಯವಿದ್ದಲ್ಲಿ ತಜ್ಞರು ತಲೆಯ ಪಾರ್ಶ್ವ ಎಕ್ಸ್-ರೇಯಲ್ಲಿ ಕತ್ತಿನ ಮೂಳೆಗಳ ಆಕಾರವನ್ನು ನೋಡಿ ಬೆಳವಣಿಗೆಯ ಹಂತವನ್ನು ನಿರ್ಧರಿಸುತ್ತಾರೆ.

ಹಾಲುಹಲ್ಲುಗಳೆಲ್ಲಾ ಬಿದ್ದ ಮೇಲೆ ನೋಡೋಣ ಎಂದು ಕಾಯುವುದರಿಂದ, ಅಥವಾ ಮದುವೆಯ ಮಾತುಕತೆಯ ಸಮಯದಲ್ಲಿ ಮೊದಲ ಬಾರಿಗೆ ವೈದ್ಯರಲ್ಲಿಗೆ ಬರುವುದರಿಂದ ಈ ಅವಕಾಶವು ಕೈತಪ್ಪುತ್ತದೆ. ಹಾಗೆಂದು ಏಳೆಂಟು ವರ್ಷದ ಪ್ರತಿ ಮಗುವಿಗೂ ಸಾಧನ ಹಾಕಿಸಬೇಕೆಂದಿಲ್ಲ. 2018ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಬೇಗನೆ ಆರಂಭಿಸಿದ ಚಿಕಿತ್ಸೆಯಿಂದ ಬಾಚಿಹಲ್ಲುಗಳಿಗೆ ಪೆಟ್ಟಾಗುವ ಸಂಭವ ಕಡಿಮೆಯಾಗುತ್ತದೆ. ಉಳಿದಂತೆ ಹದಿಹರೆಯದಲ್ಲಿ ಒಂದೇ ಹಂತದಲ್ಲಿ ಮಾಡುವ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಂಡುಬಂದಿಲ್ಲ. ಆದ್ದರಿಂದ ಬೇಗನೆ ತೋರಿಸಿ, ಯಾವಾಗ ಆರಂಭಿಸಬೇಕೆಂಬುದನ್ನು ತಜ್ಞರ ತೀರ್ಮಾನಕ್ಕೆ ಬಿಡುವುದು ಸೂಕ್ತ.

4. ಸಾಧನಗಳ ವಿಧಗಳು

(ಅ) ಆಕ್ಟಿವೇಟರ್: 20ನೇ ಶತಮಾನದ ಆರಂಭದಲ್ಲಿ ವಿಗ್ಗೊ ಆಂಡ್ರೆಸೆನ್ ಅವರು ರೂಪಿಸಿದ ಸಾಧನ. ಎರಡೂ ದವಡೆಗಳಿಗೆ ಸೇರಿ ಒಂದೇ ಅಚ್ಚಿನಂತಿದ್ದು, ಮುಖ್ಯವಾಗಿ ರಾತ್ರಿ ವೇಳೆ ಧರಿಸಲಾಗುತ್ತದೆ.

(ಆ) ಟ್ವಿನ್ ಬ್ಲಾಕ್: ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಅವರು 1977ರಲ್ಲಿ ರೂಪಿಸಿದ್ದು. ಬಿದ್ದು ಬಾಚಿಹಲ್ಲು ಕಳಚಿಕೊಂಡಿದ್ದ ಬಾಲಕನೊಬ್ಬನ ಹಲ್ಲನ್ನು ಮರಳಿ ಕೂರಿಸಿದ ನಂತರವೂ ಕೆಳತುಟಿಯು ಅದನ್ನು ಮುಂದಕ್ಕೆ ನೂಕುತ್ತಿದ್ದುದರಿಂದ ಈ ವಿನ್ಯಾಸದ ಅಗತ್ಯ ಉಂಟಾಯಿತು. ಮೇಲೊಂದು, ಕೆಳಗೊಂದು ಅಕ್ರಿಲಿಕ್ ಪ್ಲೇಟು ಇದ್ದು, ಅವುಗಳ ಇಳಿಜಾರು ದಿಮ್ಮಿಗಳು ಬಾಯಿ ಮುಚ್ಚಿದಾಗ ಒಂದಕ್ಕೊಂದು ತಾಗಿ ಕೆಳದವಡೆಯನ್ನು ಮುಂದಕ್ಕೆ ನಿಲ್ಲಿಸುತ್ತವೆ. ಪ್ಲೇಟುಗಳು ಪ್ರತ್ಯೇಕವಾಗಿರುವುದರಿಂದ ಮಾತನಾಡಲು ಸಾಧ್ಯವಾಗುತ್ತದೆ.

(ಇ) ಹರ್ಬ್ಸ್ಟ್ ಸಾಧನ: ಜರ್ಮನಿಯ ಎಮಿಲ್ ಹರ್ಬ್ಸ್ಟ್ ಅವರು 20ನೇ ಶತಮಾನದ ಆರಂಭದಲ್ಲಿ ಪರಿಚಯಿಸಿದ್ದು. ಕೊಳವೆ ಮತ್ತು ಸರಳಿನ ಜೋಡಣೆಯನ್ನು ಹಲ್ಲುಗಳಿಗೆ ಅಂಟಿಸಲಾಗುತ್ತದೆ. ಮಗು ಇದನ್ನು ತಾನಾಗಿ ತೆಗೆಯಲಾಗದು.

ಯಾವ ಸಾಧನ ಎಂಬುದನ್ನು ಮಗುವಿನ ವಯಸ್ಸು, ಹಲ್ಲುಗಳ ಸ್ಥಿತಿ ಹಾಗೂ ಸಹಕಾರವನ್ನು ಪರಿಗಣಿಸಿ ತಜ್ಞರು ನಿರ್ಧರಿಸುತ್ತಾರೆ.

5. ನಿರೀಕ್ಷಿಸಬಹುದಾದ ಫಲಿತಾಂಶ

ತೆಗೆದು ಹಾಕುವ ಸಾಧನವನ್ನು ಸರಿಯಾಗಿ ಧರಿಸಿದಲ್ಲಿ ಹಲ್ಲುಗಳ ನಡುವಿನ ಅಂತರವು ಸಾಮಾನ್ಯವಾಗಿ 6 ರಿಂದ 12 ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ಈ ಬದಲಾವಣೆಯ ದೊಡ್ಡ ಪಾಲು ಹಲ್ಲುಗಳ ಚಲನೆಯಿಂದ ಆಗುತ್ತದೆ. ದವಡೆಯ ಮೂಳೆಯಲ್ಲಿ ಆಗುವ ಹೆಚ್ಚುವರಿ ಬೆಳವಣಿಗೆ ಕೆಲವೇ ಮಿಲಿಮೀಟರ್‌ಗಳಷ್ಟು ಮಾತ್ರ. ದವಡೆಯನ್ನು ಎಷ್ಟು ಬೇಕಾದರೂ ಬೆಳೆಸಿಕೊಡುತ್ತೇವೆ ಎಂಬ ಭರವಸೆಗಳನ್ನು ನಂಬಬಾರದು. ನಂತರ ಹಲ್ಲುಗಳ ಸಾಲನ್ನು ಸರಿಪಡಿಸಲು ತಂತಿಯ ಚಿಕಿತ್ಸೆ, ಅಂದರೆ ಜನಸಾಮಾನ್ಯರು ಕ್ಲಿಪ್ ಎನ್ನುವ ಚಿಕಿತ್ಸೆ, ಹೆಚ್ಚಿನ ಮಕ್ಕಳಿಗೆ ಬೇಕಾಗುತ್ತದೆ.

6. ಧರಿಸುವ ಕ್ರಮ ಮತ್ತು ಪಾಲನೆ

- ಟ್ವಿನ್ ಬ್ಲಾಕ್ ಸಾಧನವನ್ನು ಹಲ್ಲುಜ್ಜುವಾಗ, ಈಜುವಾಗ ಹಾಗೂ ಪೆಟ್ಟಾಗುವಂತಹ ಆಟಗಳ ವೇಳೆ ಹೊರತುಪಡಿಸಿ ಹಗಲೂ ರಾತ್ರಿ ಧರಿಸಬೇಕು. ಊಟದ ವೇಳೆಯ ಬಗ್ಗೆ ವೈದ್ಯರ ಸೂಚನೆಯನ್ನು ಪಾಲಿಸಬೇಕು.
- ಆರಂಭದ ಕೆಲವು ದಿನಗಳು ಜೊಲ್ಲು ಹೆಚ್ಚಾಗುವುದು, ಮಾತು ತೊದಲುವುದು, ದವಡೆ ನೋಯುವುದು ಸಹಜ. ಈ ಕಾರಣಕ್ಕೆ ಸಾಧನವನ್ನು ತೆಗೆದಿಡಬಾರದು.
- ಒಸಡು ಅಥವಾ ನಾಲಿಗೆಗೆ ಹುಣ್ಣಾದಲ್ಲಿ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರನ್ನು ಕಾಣಬೇಕು.
- ತಣ್ಣೀರಿನಲ್ಲಿ ಬ್ರಷ್‌ನಿಂದ ಸ್ವಚ್ಛಗೊಳಿಸಬೇಕು. ಬಿಸಿನೀರಿನಲ್ಲಿ ಅಕ್ರಿಲಿಕ್ ಸೊಟ್ಟಗಾಗುತ್ತದೆ.
- ಹೊರತೆಗೆದಾಗ ಡಬ್ಬಿಯಲ್ಲಿಯೇ ಇಡಬೇಕು. ಕಾಗದದಲ್ಲಿ ಸುತ್ತಿಟ್ಟರೆ ಕಸದೊಂದಿಗೆ ಕಳೆದುಹೋಗುವ ಸಂಭವವಿದೆ.
- ಮಗುವನ್ನು ಗದರಿಸುವ ಬದಲು, ಧರಿಸಿದ ಗಂಟೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುವುದು ಸಹಾಯಕ. ಶಾಲೆಯ ಶಿಕ್ಷಕರಿಗೂ ವಿಷಯ ತಿಳಿಸುವುದು ಒಳಿತು.

7. ಚಿಕಿತ್ಸೆ ಪಡೆಯುವ ವಿಧಾನ

ಮೊದಲಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರಲ್ಲಿ ಮಗುವನ್ನು ತೋರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಭೇಟಿ ನೀಡುವ ಆರೋಗ್ಯ ತಂಡದ ಗಮನಕ್ಕೂ ತರಬಹುದು. ಈ ಸಾಧನಗಳ ಚಿಕಿತ್ಸೆಯನ್ನು ನೀಡುವವರು ದಂತ ವೈದ್ಯಕೀಯ ಪದವಿಯ ನಂತರ ಆರ್ಥೊಡಾಂಟಿಕ್ಸ್ ವಿಷಯದಲ್ಲಿ ಮೂರು ವರ್ಷಗಳ ಸ್ನಾತಕೋತ್ತರ ಪದವಿ ಪಡೆದ ತಜ್ಞರು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಸೇರಿದಂತೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗವಿರುತ್ತದೆ.

ಭೇಟಿಯ ವೇಳೆ ಮಗುವಿನ ಗುರುತಿನ ದಾಖಲೆ, ಹಿಂದಿನ ಚಿಕಿತ್ಸೆಯ ಚೀಟಿ ಮತ್ತು ಎಕ್ಸ್-ರೇ ಇದ್ದಲ್ಲಿ ಅವುಗಳನ್ನು ತರತಕ್ಕದ್ದು. ಬಿಪಿಎಲ್ ಪಡಿತರ ಚೀಟಿ ಹೊಂದಿರುವವರು ಅದರ ಪ್ರತಿಯನ್ನು ತಂದು ರಿಯಾಯಿತಿಯ ಬಗ್ಗೆ ವಿಚಾರಿಸಬಹುದು. ಒಟ್ಟು ವೆಚ್ಚ, ಚಿಕಿತ್ಸೆಯ ಅವಧಿ ಹಾಗೂ ಸಾಧನ ಮುರಿದಲ್ಲಿ ತಗಲುವ ಖರ್ಚನ್ನು ಮೊದಲೇ ಕೇಳಿ ತಿಳಿಯಬೇಕು. ಆರರಿಂದ ಎಂಟು ವಾರಗಳಿಗೊಮ್ಮೆ ತಪಾಸಣೆಗೆ ಬರಬೇಕಾಗುವುದರಿಂದ ಪ್ರಯಾಣದ ಅನುಕೂಲವನ್ನೂ ಗಮನದಲ್ಲಿಟ್ಟುಕೊಂಡು ಆಸ್ಪತ್ರೆಯನ್ನು ಆರಿಸಿಕೊಳ್ಳಬೇಕು.

8. ಬೆಳವಣಿಗೆ ಮುಗಿದವರಿಗೆ

ಇಂತಹವರಿಗೂ ಪರಿಹಾರವಿದೆ. ದೋಷ ಅಲ್ಪವಾಗಿದ್ದಲ್ಲಿ ತಂತಿಯ ಚಿಕಿತ್ಸೆಯಿಂದ, ಕೆಲವೊಮ್ಮೆ ಹಲ್ಲು ಕೀಳಿಸಿ, ಹಲ್ಲುಗಳನ್ನು ಹೊಂದಿಸಲಾಗುತ್ತದೆ. ದೋಷ ಹೆಚ್ಚಾಗಿದ್ದಲ್ಲಿ ದವಡೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೆಲವು ಮಕ್ಕಳಿಗೆ ಮುಂದೆ ಶಸ್ತ್ರಚಿಕಿತ್ಸೆಯ ಅಗತ್ಯವನ್ನು ತಪ್ಪಿಸುವ ಅವಕಾಶವು ಬೆಳವಣಿಗೆಯ ಕೆಲವೇ ವರ್ಷಗಳಲ್ಲಿ ಮಾತ್ರ ಲಭ್ಯವಿರುತ್ತದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಕುರಿತು ತಜ್ಞ ದಂತ ವೈದ್ಯರ ಸಲಹೆಯೇ ಅಂತಿಮ.